ಆರ್‌ಸಿಯಲ್ಲಿರುವ ಹೆಸರೇ ಹೊಣೆ

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ, ಮನೆಗಳ ವೈರಿಂಗ್ ಮಾಡುತ್ತಿದ್ದ. ಎರಡು ತಿಂಗಳ ಹಿಂದೆ ತುಮಕೂರು ರಸ್ತೆಯಲ್ಲಿ ಹತ್ತು ಚಕ್ರದ ಟಿಪ್ಪರ್ ಅವನ ಬೈಕಿಗೆ ಹಿಂದಿನಿಂದ ಗುದ್ದಿತು, ಸ್ಥಳದಲ್ಲೇ ತೀರಿಕೊಂಡ. ಹೆಂಡತಿ, ಇಬ್ಬರು ಮಕ್ಕಳು, ನಮ್ಮಮ್ಮ ಅವನನ್ನೇ ನಂಬಿದ್ದರು. ಆರ್‌ಸಿಯಲ್ಲಿ ಹೆಸರಿರುವವರು ‘ಲಾರಿ ಆಗಲೇ ಮಾರಿದ್ದೇನೆ’ ಎನ್ನುತ್ತಾರೆ. ಕೊಂಡವರು ‘ಜಲ್ಲಿ ಹೊಡೆಯಲು ಬಾಡಿಗೆಗೆ ಬಿಟ್ಟಿದ್ದೆ’ ಎನ್ನುತ್ತಾರೆ. ವಿಮೆಯವರು ಸಹಿ ಹಾಕಿದರೆ ಬೇಗ 5 ಲಕ್ಷ ಕೊಡುತ್ತಾರಂತೆ. ಯಾರನ್ನು ಕೇಳೋಣ?
– ಓದುಗರೊಬ್ಬರು, ದಾಸರಹಳ್ಳಿ

ಉತ್ತರ: ಮೊದಲು ಆ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ. ತಪ್ಪು ಯಾರದೆಂದು ನೋಡದೆ ಸಾವಿಗೆ 5 ಲಕ್ಷ ಕೊಡುವುದು ಮೋಟಾರು ವಾಹನ ಕಾಯ್ದೆಯ 164ನೇ ಕಲಂ. ಅದರಡಿ ಹಣ ಒಪ್ಪಿಕೊಂಡರೆ 166ನೇ ಕಲಮಿನ ಪೂರ್ಣ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ಹೋಗುವುದೆಷ್ಟು ಎಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ 25,000 ದುಡಿಯುತ್ತಿದ್ದ ಎಂದಿಟ್ಟುಕೊಳ್ಳೋಣ. ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏಳಿಗೆಗೆಂದು ಶೇ 40 ಸೇರಿಸುತ್ತಾರೆ: 35,000. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 26,250. ವರ್ಷಕ್ಕೆ 3.15 ಲಕ್ಷ, ಆ ವಯಸ್ಸಿಗೆ ಗುಣಕ 16. ಒಟ್ಟು 50.40 ಲಕ್ಷ, ಅಂತ್ಯಕ್ರಿಯೆ ಮುಂತಾದ ಬಾಬ್ತು ಬೇರೆ. ಸಂಕಟದ ಮನೆಗೆ 5 ಲಕ್ಷದ ಕಾಗದ ಹಿಡಿದು ಬರುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಹೊಣೆ. ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿತ್ತೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೈಬದಲಾದ ಲಾರಿಯ ಹಿಂದೆ ನೊಂದವರು ಅಲೆಯಬೇಕಿಲ್ಲ. ಮಾರಿದ ಕರಾರುಪತ್ರ ಅವರಿಬ್ಬರ ನಡುವಿನ ವ್ಯವಹಾರ. ಚಾಲಕ, ಆರ್‌ಸಿ ಮಾಲೀಕ, ವಿಮಾ ಕಂಪನಿ, ಮೂವರನ್ನೂ ಪ್ರತಿವಾದಿ ಮಾಡಿ. ಕೊಂಡವರನ್ನೂ ಬಾಡಿಗೆಗೆ ಪಡೆದವರನ್ನೂ ಸೇರಿಸುವಂತೆ ವಕೀಲರಿಗೆ ಹೇಳಿ. ಚಾಲಕನ ಮೇಲಿನ ಕ್ರಿಮಿನಲ್ ಕೇಸು ಬೇರೆಯೇ ದಾರಿ ಹಿಡಿಯುತ್ತದೆ, ಅದು ಮುಗಿಯಲಿ ಎಂದು ಕಾಯಬೇಡಿ.

ಚಾಲಕನ ಲೈಸೆನ್ಸ್ ಯಾವುದೆಂದು ನೋಡಿ. ಲಘು ವಾಹನದ ಲೈಸೆನ್ಸ್‌ನಲ್ಲಿ 7,500 ಕೆಜಿ ಒಳಗಿನ ಸರಕು ವಾಹನ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ತೀರ್ಪಾಗಿದೆ. ಹತ್ತು ಚಕ್ರದ ಟಿಪ್ಪರ್ ಆ ಮಿತಿಗೆ ಬರುವುದಿಲ್ಲ. ಇದನ್ನೇ ಹಿಡಿದು ವಿಮೆಯವರು ಕೈತೊಳೆದುಕೊಳ್ಳಲು ನೋಡಬಹುದು. ಹೆದರಬೇಡಿ. ಇಂಥಲ್ಲಿ ‘ಮೊದಲು ಇವರಿಗೆ ಕೊಡಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಿ’ ಎಂದು ನ್ಯಾಯಾಲಯ ವಿಮೆಯವರಿಗೆ ಆದೇಶಿಸುವುದು ರೂಢಿಯಲ್ಲಿದೆ.

ಅಪಘಾತದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ನಿಮಗುಳಿದಿರುವುದು ನಾಲ್ಕು. ಬೆಂಗಳೂರಿನಲ್ಲಿ ಎಂವಿಸಿ ಕೇಸುಗಳು, ಅಂದರೆ ವಾಹನ ಅಪಘಾತ ಪರಿಹಾರದ ಅರ್ಜಿಗಳು, ಲಘು ವ್ಯವಹಾರಗಳ ನ್ಯಾಯಾಲಯದಲ್ಲಿರುವ ಟ್ರಿಬ್ಯೂನಲ್‌ನಲ್ಲಿ ನಡೆಯುತ್ತವೆ. ಅರ್ಜಿದಾರರು ತಮ್ಮನ ಹೆಂಡತಿ, ಮಕ್ಕಳು, ತಾಯಿ. 2022ರ ನಿಯಮದಂತೆ ಪೊಲೀಸರೂ 90 ದಿನದೊಳಗೆ ಟ್ರಿಬ್ಯೂನಲ್‌ಗೆ ವಿವರವಾದ ವರದಿ ಕೊಡಬೇಕು. ಠಾಣೆಗೆ ಹೋಗಿ ವಿಚಾರಿಸಿ, ಎಫ್‌ಐಆರ್, ಮಹಜರು, ಸ್ಥಳದ ನಕ್ಷೆಯ ನಕಲು ಪಡೆಯಿರಿ.

‘ಬೈಕಿನವನೇ ಅಡ್ಡ ಬಂದ’ ಎಂಬ ವಾದ ಬಂದೇ ಬರುತ್ತದೆ. ರಸ್ತೆ ಬದಿಯ ಅಂಗಡಿಗಳ ಸಿಸಿಟಿವಿಯಲ್ಲಿ ಹಳೆಯದು ಅಳಿಸಿಹೋಗುತ್ತಿರುತ್ತದೆ, ಉಳಿದಿದ್ದರೆ ಇವತ್ತೇ ಕೇಳಿ. ತಮ್ಮನಿಗೆ ಸಂಬಳದ ಚೀಟಿ ಇರಲಿಕ್ಕಿಲ್ಲ. ಫೋನ್‌ಪೇಯಲ್ಲಿ ಬಂದ ಹಣದ ವಿವರ, ಪಾಸ್‌ಬುಕ್, ಕೆಲಸ ಕೊಡುತ್ತಿದ್ದ ಮೇಸ್ತ್ರಿಯ ಸಾಕ್ಷಿ, ವೈರಿಂಗ್ ಪಾಯಿಂಟ್‌ಗಳ ಲೆಕ್ಕ ಗೀಚಿಟ್ಟ ಪುಟ್ಟ ಡೈರಿ, ಎಲ್ಲವನ್ನೂ ಎತ್ತಿಡಿ. ಫೋನಿನ ಸಿಮ್ ಬಂದ್ ಮಾಡಿಸಬೇಡಿ, ರೀಚಾರ್ಜ್ ಮಾಡಿಸುತ್ತಿರಿ.