ಕೂಲೆಂಟ್ ಕಮ್ಮಿಯಾಗ್ತಿದೆ, ಹನಿ ಮಾತ್ರ ಕಾಣ್ತಿಲ್ಲ

ಪ್ರಶ್ನೆ: ನನ್ನದು ಹಳೆಯ ಪೆಟ್ರೋಲ್ ಕಾರು. ಹದಿನೈದು ದಿನಕ್ಕೊಮ್ಮೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಮ್ಮಿಯಾಗುತ್ತದೆ, ಗಾಡಿ ಕೆಳಗೆ ಒಂದು ಹನಿಯೂ ಇಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ, ಇಂಜಿನ್ ಬಿಚ್ಚಬೇಕು ಎಂದರು. ಪರಿಚಯದ ಡ್ರೈವರ್ ಒಬ್ಬರು ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿ ಅಂತಾರೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಸದ್ಯಕ್ಕೆ ಎರಡೂ ಬೇಡ. ಹನಿ ಕಾಣಲಿಲ್ಲ ಅಂದ ಮಾತ್ರಕ್ಕೆ ಲೀಕ್ ಇಂಜಿನ್ ಒಳಗೇ ಇದೆ ಅಂತಲ್ಲ. ಗಾಡಿ ಬಿಸಿಯಾದಾಗ ಕೂಲೆಂಟ್ ಒತ್ತಡದಲ್ಲಿರುತ್ತದೆ, ಹೋಸ್ ಕ್ಲಿಪ್ ಹತ್ತಿರ ಕೂದಲೆಳೆಯಷ್ಟು ಸಂದಿ ಇದ್ದರೂ ಸಾಕು, ಸಣ್ಣಗೆ ಚಿಮ್ಮಿ ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತದೆ. ಉಳಿಯುವುದು ಒಂದು ಒಣ ಕಲೆ ಅಷ್ಟೇ.

ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ. ಗೇಜ್ ಇರುವ ಒಂದು ಕೈ ಪಂಪ್ ಅದು, ರೇಡಿಯೇಟರ್ ಕ್ಯಾಪ್ ಇರುವ ಜಾಗಕ್ಕೆ ಕೂರುತ್ತದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇದ್ದಾಗ ಕ್ಯಾಪ್ ತೆಗೆದರೆ ಮುಖ, ಕೈ ಸುಟ್ಟುಹೋಗುತ್ತದೆ. ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಏನೋ ಒಂದು ಅಂಕಿ ಬರೆದಿರುತ್ತದಲ್ಲ, ಅಷ್ಟು ಬಾರ್‌ವರೆಗೆ ಮಾತ್ರ ಪಂಪ್ ಮಾಡಿ ಕಾಲು ಗಂಟೆ ಬಿಡಬೇಕು. ಮುಳ್ಳು ಇಳಿದರೆ ಲೀಕ್ ಇದೆ. ಆಗ ಟಾರ್ಚ್ ಹಿಡಿದು ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ಥರ್ಮೋಸ್ಟಾಟ್ ಹೌಸಿಂಗ್, ಹೋಸ್ ತುದಿಗಳನ್ನು ನೋಡಿ. ಒಳಗೆ ಮ್ಯಾಟ್ ಎತ್ತಿ ಮುಟ್ಟಿಯೂ ನೋಡಿ, ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಕ್ಯಾಪ್ ಅನ್ನೂ ಅದೇ ಪಂಪಿಗೆ ಹಾಕಿ ಪರೀಕ್ಷಿಸಲು ಹೇಳಿ. ಸ್ಪ್ರಿಂಗ್ ಸೋತ ಕ್ಯಾಪ್‌ನಿಂದಲೂ ಕೂಲೆಂಟ್ ಹೋಗುತ್ತದೆ, ಅದಕ್ಕೆ ಇಂಜಿನ್ ಬಿಚ್ಚಿಸೋದು ಎಂಥ ಅನ್ಯಾಯ!

ಮುಳ್ಳು ಇಳಿಯುತ್ತಿದೆ, ಹೊರಗೆ ಎಲ್ಲೂ ಒದ್ದೆ ಇಲ್ಲ ಅಂದಾಗ ಮಾತ್ರ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಅದಕ್ಕೂ ಪರೀಕ್ಷೆ ಇದೆ. ನೀಲಿ ದ್ರವ ತುಂಬಿದ ಕೊಳವೆಯನ್ನು ರೇಡಿಯೇಟರ್ ಬಾಯಿಗೆ ಇಟ್ಟು, ಇಂಜಿನ್ ಓಡಿಸಿ, ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಸಿಲಿಂಡರ್‌ನ ಹೊಗೆ ಕೂಲೆಂಟ್‌ಗೆ ಸೇರುತ್ತಿದ್ದರೆ, ಪೆಟ್ರೋಲ್ ಗಾಡಿಯಲ್ಲಿ ನೀಲಿ ಹಳದಿಯಾಗುತ್ತದೆ. ಕೂಲೆಂಟ್ ಮಟ್ಟ ಸ್ವಲ್ಪ ಇಳಿಸಿಕೊಂಡು ಮಾಡಬೇಕು, ಕೂಲೆಂಟ್ ಕೊಳವೆಯೊಳಗೆ ಬಂದರೆ ಪರೀಕ್ಷೆ ಕೆಟ್ಟಹಾಗೆ. ಬಣ್ಣ ಬದಲಾಗದಿದ್ದರೂ ಅನುಮಾನ ಉಳಿದರೆ ಲೀಕ್ ಡೌನ್ ಟೆಸ್ಟ್ ಮಾಡಿಸಿ: ಪ್ಲಗ್ ತೂತಿನಿಂದ ಒಂದೊಂದೇ ಸಿಲಿಂಡರ್‌ಗೆ ಗಾಳಿ ಕೊಟ್ಟಾಗ ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ, ಗ್ಯಾಸ್ಕೆಟ್ ಹೋಗಿರಬೇಕು ಇಲ್ಲವೇ ಹೆಡ್ ಬಿರುಕು ಬಿಟ್ಟಿರಬೇಕು.

ಅರಿಶಿನ ದಯವಿಟ್ಟು ಹಾಕಬೇಡಿ. ನಡುದಾರಿಯಲ್ಲಿ ಸಿಕ್ಕಿಕೊಂಡ ಲಾರಿಯವರು ಊರು ಸೇರಲು ಮಾಡುತ್ತಿದ್ದ ಉಪಾಯ ಅದು. ಪುಡಿ ತೂತಿನ ಜೊತೆ ಹೀಟರ್ ಕೋರ್‌ನ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಡಬಹುದು.

ಪ್ರಶ್ನೆ: ಚೆಕ್ ಇಂಜಿನ್ ಲೈಟ್ ಬಂದಿದೆ, ಸ್ಕ್ಯಾನರ್‌ನಲ್ಲಿ ಪಿ0171 ಅಂತ ತೋರಿಸಿತು. ಆಕ್ಸಿಜನ್ ಸೆನ್ಸರ್ ಬದಲಿಸಿ ಎನ್ನುತ್ತಾರೆ. ಹಾಕಿಸಲೇ?
– ಓದುಗರು, ತಿಪಟೂರು

ಉತ್ತರ: ನಿಲ್ಲಿ! ಈ ಕೋಡ್ ಹೇಳುವುದು ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಮಾತ್ರ. ಅದನ್ನು ಪತ್ತೆ ಮಾಡಿದ್ದೇ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆ ಸೆನ್ಸರ್, ಸುಮ್ನೆ ಅದನ್ನೇ ಕಿತ್ತರೆ ಹೇಗೆ? ಅದೇ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಗಾಡಿಯ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸೇರಿಸುತ್ತಿದೆ ಎಂಬ ಅಂಕಿ, ತೆಗೆದು ನೋಡಿ. ಐಡಲ್‌ನಲ್ಲಿ ಶೇ. 20ರಷ್ಟು ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ 4–5ಕ್ಕೆ ಇಳಿದರೆ, ಎಲ್ಲೋ ವ್ಯಾಕ್ಯೂಮ್ ಹೋಸ್ ಅಥವಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಿಂದ ಕಳ್ಳಗಾಳಿ ಸೇರುತ್ತಿದೆ ಅಂತ ಬಲವಾಗಿ ಅನುಮಾನಿಸಬಹುದು. ಇಂಜಿನ್ ವೇಗ ಏರಿದ ಹಾಗೆ ಟ್ರಿಮ್ ಕೂಡ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್ ಕಡೆ ನೋಡಿಸಿ. ಜಾಗ ಹುಡುಕಲು ಸ್ಮೋಕ್ ಮಷಿನ್ ಇರುವ ಗ್ಯಾರೇಜ್‌ಗೆ ಹೋಗಿ. ಇಂಜಿನ್ ಆಫ್ ಮಾಡಿ ಇನ್‌ಟೇಕ್‌ಗೆ ಹೊಗೆ ತುಂಬುತ್ತಾರೆ, ಬಿರುಕಿದ್ದಲ್ಲಿ ಎಳೆಯಾಗಿ ಹೊರಬರುತ್ತದೆ. ಕೆಲವರು ಓಡುತ್ತಿರುವ ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಹುಡುಕುತ್ತಾರೆ. ಬೆಂಕಿ ಹತ್ತುವ ಅಪಾಯ ಇದೆ, ನಿಮ್ಮ ಗಾಡಿಗೆ ಅದನ್ನು ಮಾಡಲು ಬಿಡಬೇಡಿ.