ನಾಲಿಗೆ ತುದಿಯಲ್ಲೇ ನಿಂತ ಮಾತು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ. ಹೊಸ ಭಾಷೆ ಕಲಿಯುತ್ತಿದ್ದೇವೆ, ಆದರೆ ಮಾತಾಡಲು ಹೆದರಿಕೆ. ನಾನು 22 ವರ್ಷ ಜರ್ಮನ್ ಕಲಿಸಿದವಳು. ಅದಕ್ಕೂ ಮೊದಲು ಜರ್ಮನ್ ಕ್ಲಾಸಿನ ಕೊನೆ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವಳು. ಹಾಗಾಗಿ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಇಂಗ್ಲಿಷ್ ನನಗೆ ಎರಡನೇ ಭಾಷೆ. ಓದಿದರೆ ಅರ್ಥವಾಗುತ್ತದೆ, ಬರೆದರೆ ಒಳ್ಳೆಯ ಅಂಕ ಬರುತ್ತದೆ. ಕ್ಲಾಸಿನಲ್ಲಿ ಸಾಲಾಗಿ ಒಬ್ಬೊಬ್ಬರನ್ನೇ ಮಾತಾಡಿಸುತ್ತಾರೆ. ನನ್ನ ಸರದಿಗೆ ಇನ್ನೂ ಐದು ಜನ ಇರುವಾಗಲೇ ಅಂಗೈ ಬೆವರುತ್ತದೆ. ಹೋದ ವಾರ ‘ನನ್ನ ಅಣ್ಣ’ ಅನ್ನುವ ವಿಷಯದ ಮೇಲೆ 12 ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎರಡನೇ ವಾಕ್ಯದಲ್ಲಿ ‘ಮೈ ಬ್ರದರ್ ವರ್ಕ್’ ಅನ್ನಬೇಕಾ ‘ವರ್ಕ್ಸ್’ ಅನ್ನಬೇಕಾ ಎಂದು ಅನುಮಾನ ಬಂತು. ಅಲ್ಲೇ ನಿಂತುಬಿಟ್ಟೆ. ಕೂತ ಮೇಲೆ ಹನ್ನೆರಡೂ ನೆನಪಾದವು! ನನ್ನ ತಲೆಯಲ್ಲೇ ಏನಾದರೂ ಕೊರತೆ ಇದೆಯಾ ಮೇಡಂ?
— ಹೆಸರು ಬೇಡ

ಉತ್ತರ: ತಲೆ ಸರಿಯಾಗಿಯೇ ಇದೆ. ಕೂತ ಮೇಲೆ ಎಲ್ಲಾ ನೆನಪಾಯಿತು ಅಂತ ನೀವೇ ಬರೆದಿದ್ದೀರಲ್ಲ. ಕಲಿಯದೇ ಇದ್ದದ್ದು ನೆನಪಾಗಲ್ಲ ಅಲ್ವಾ? ಪದಗಳು ಎಲ್ಲೂ ಹೋಗಿರಲಿಲ್ಲ. ಅವು ಬರಬೇಕಾದ ಬಾಗಿಲಲ್ಲಿ ಬೇರೆ ಯಾರೋ ಅಡ್ಡ ಕೂತಿದ್ದರು.

ಮಾತಾಡುವಾಗ ಏನೇನು ಮಾಡುತ್ತೀವಿ ನೋಡಿ. ಏನು ಹೇಳಬೇಕು ಅಂತ ಯೋಚಿಸಬೇಕು, ಪದ ಹುಡುಕಬೇಕು, ವ್ಯಾಕರಣಕ್ಕೆ ಹೊಂದಿಸಬೇಕು, ನಾಲಿಗೆ ಹೊರಳಿಸಬೇಕು. ಕನ್ನಡದಲ್ಲಾದರೆ ಮೊದಲನೆಯದೊಂದೇ ನಮ್ಮ ಕೆಲಸ. ಉಳಿದದ್ದು ತಾನಾಗಿ ಆಗುತ್ತದೆ. ಹೊಸ ಭಾಷೆಯಲ್ಲಿ ನಾಲ್ಕನ್ನೂ ನಾವೇ ನಿಂತು ಮಾಡಿಸಬೇಕು. ಒಂದು ಸಲಕ್ಕೆ ಇಷ್ಟನ್ನು ಹಿಡಿದಿಟ್ಟುಕೊಳ್ಳುವ ಜಾಗ ತಲೆಯಲ್ಲಿ ತೀರಾ ಸಣ್ಣದು. ಅಷ್ಟರಲ್ಲೇ ‘ಅವಳು ಯಾಕೆ ನಕ್ಕಳು’, ‘ಟೀಚರ್ ಮುಖ ಯಾಕೆ ಹಾಗಿದೆ’, ‘ವರ್ಕಾ ವರ್ಕ್ಸಾ’ ಎಲ್ಲವೂ ಬಂದು ಕೂತರೆ ಪದಕ್ಕೆ ಜಾಗ ಎಲ್ಲಿ? ಬರೆಯುವಾಗ ನಿಮಗೆ ಸಮಯವಿದೆ, ಅಳಿಸಬಹುದು, ಯಾರೂ ನೋಡುತ್ತಿಲ್ಲ. ಅಂಕ ಬರುವುದು ಅದಕ್ಕೇ.

ಇದು ನಿಮ್ಮೊಬ್ಬರ ಕಾಯಿಲೆ ಅಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಎಲೇನ್ ಹಾರ್ವಿಟ್ಸ್ ಮತ್ತು ಇನ್ನಿಬ್ಬರು ಸೇರಿ ಇದಕ್ಕೆಂದೇ 33 ಹೇಳಿಕೆಗಳ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಸರದಿ ಬರುವಾಗ ಎದೆ ಬಡಿದುಕೊಳ್ಳುತ್ತದೆ, ಚೆನ್ನಾಗಿ ತಯಾರಾಗಿ ಹೋದರೂ ಗಾಬರಿಯಾಗುತ್ತದೆ ಎಂಬ ಅರ್ಥದ ಹೇಳಿಕೆಗಳು ಅದರಲ್ಲಿವೆ. ನಿಮ್ಮ ಪತ್ರವನ್ನೇ ಮುಂದಿಟ್ಟುಕೊಂಡು ಬರೆದ ಹಾಗಿವೆ! ಇದು ಬರೀ ನಾಚಿಕೆ ಸ್ವಭಾವ ಅಲ್ಲ, ಭಾಷೆಯ ಕ್ಲಾಸಿಗೇ ಅಂಟಿಕೊಂಡ ಭಯ ಅನ್ನುವುದು ಅವರ ವಾದ. ನನಗೂ ಹಾಗೇ ಅನ್ನಿಸುತ್ತದೆ. ಲೆಕ್ಕ ತಪ್ಪಾದರೆ ಲೆಕ್ಕ ತಪ್ಪಾಯಿತು, ಅಷ್ಟೇ. ಭಾಷೆ ತಪ್ಪಾದರೆ ನಾವೇ ಪೆದ್ದರಾಗಿ ಕಾಣುತ್ತೇವೆ. ಇಪ್ಪತ್ತು ವರ್ಷದವರ ಯೋಚನೆಯನ್ನು ನಾಲ್ಕು ವರ್ಷದ ಮಗುವಿನ ಮಾತಿನಲ್ಲಿ ಹೇಳಬೇಕು. ಯಾರಿಗೆ ತಾನೇ ಇಷ್ಟ?

ನನ್ನ ಕಥೆ ಕೇಳಿ. ಜರ್ಮನ್ ಕಲಿಯಲು ಶುರು ಮಾಡಿ ಎರಡು ತಿಂಗಳಾಗಿತ್ತು. ಬೇಸಿಗೆ ಮಧ್ಯಾಹ್ನ, ಫ್ಯಾನ್ ಕೆಟ್ಟಿತ್ತು. ಟೀಚರ್ ನನ್ನ ಕಡೆ ತಿರುಗಿ ‘ಹೇಗಿದ್ದೀರಿ’ ಅಂತ ಜರ್ಮನ್‌ನಲ್ಲಿ ಕೇಳಿದರು. ಧೈರ್ಯ ಮಾಡಿ ‘ಇಷ್ ಬಿನ್ ಹೈಸ್’ ಅಂದೆ. ಇಂಗ್ಲಿಷಿನ ‘ಐ ಆಮ್ ಹಾಟ್’ ಅನ್ನು ಪದಕ್ಕೆ ಪದ ಜೋಡಿಸಿದ್ದೆ. ಜರ್ಮನ್‌ನಲ್ಲಿ ಅದನ್ನು ಕೇಳಿದವರಿಗೆ ಸೆಕೆ ಹೊಳೆಯುವುದಿಲ್ಲ. ಹೊಳೆಯುವುದು ಬೇರೆ ಬಿಸಿ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಮುಂದಿನ ಬೆಂಚಿನವರು ಬಿದ್ದು ಬಿದ್ದು ನಕ್ಕರು. ಟೀಚರೂ ತುಟಿ ಕಚ್ಚಿಕೊಂಡರು. ಆಮೇಲೆ ಆರು ವಾರ ಆ ಕ್ಲಾಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಹಾಜರಿ ಕೂಗಿದರೂ ಸುಮ್ನೆ ಕೈ ಎತ್ತುತ್ತಿದ್ದೆ.

ಸರಿಯಾದ ವಾಕ್ಯ ‘ಮಿಯರ್ ಇಸ್ಟ್ ಹೈಸ್’. ನಾವು ‘ನನಗೆ ಸೆಕೆ’ ಅಂತೀವಲ್ಲ, ಥೇಟ್ ಅದೇ. ಅಲ್ಲೂ ‘ನಾನು’ ಇಲ್ಲ, ‘ನನಗೆ’ ಇದೆ. ಇಂಗ್ಲಿಷಿನ ಮೇಲೆ ಹಾದು ಹೋಗದೆ ಕನ್ನಡದಿಂದ ನೇರವಾಗಿ ಹೋಗಿದ್ದರೆ ಸರಿಯಾಗುತ್ತಿತ್ತು! ಇದು ನನಗೆ ಹೊಳೆದದ್ದು ಎರಡು ವರ್ಷದ ಮೇಲೆ, ಬಟ್ಟೆ ಒಣಹಾಕುತ್ತಾ ಯಾರಿಗೋ ‘ಅಬ್ಬಾ, ಏನು ಸೆಕೆ ನಂಗೆ’ ಅಂದಾಗ.

ಇನ್ನೂ ಎಷ್ಟೋ ವರ್ಷದ ಮೇಲೆ, ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೆಳತಿ ಸಿಕ್ಕಳು. ‘ನೆನಪಿದೆಯಾ’ ಅಂದೆ. ಅವಳಿಗೆ ಒಂದಿಷ್ಟೂ ನೆನಪಿರಲಿಲ್ಲ. ಆದರೆ ತಾನು ‘ಹುಡುಗಿ’ ಅನ್ನುವ ಪದಕ್ಕೆ ಸ್ತ್ರೀಲಿಂಗ ಹಾಕಿ ಬೈಸಿಕೊಂಡದ್ದು ಚೆನ್ನಾಗಿ ನೆನಪಿತ್ತು. (ಜರ್ಮನ್‌ನಲ್ಲಿ ಹುಡುಗಿ ನಪುಂಸಕ ಲಿಂಗ. ಏನು ಮಾಡುವುದು.) ಅವಳು ಬೈಸಿಕೊಂಡದ್ದು ನನಗೆ ನೆನಪೇ ಇಲ್ಲ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಟೀಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಟೀಶರ್ಟ್ ಗಮನಿಸಿದರು ಅಂತ ಹಾಕಿಕೊಂಡವರು ಅಂದಾಜಿಸಿದರು. ನಿಜವಾಗಿ ಗಮನಿಸಿದ್ದು ಅದರ ಅರ್ಧ. ಉಳಿದವರಿಗೆ ಅವರವರದೇ ಚಿಂತೆ ಇರುತ್ತೆ.

ಈಗ ನಿಮ್ಮ ಅಣ್ಣನ ವಿಷಯ. ‘ವರ್ಕ್ಸ್’ನ ಆ ಕೊನೆಯ ‘ಸ್’ ಇದೆಯಲ್ಲ, ಇಂಗ್ಲಿಷ್ ಕಲಿಯುವವರ ಮಾತಿನಲ್ಲಿ ಅದು ಬಹಳ ತಡವಾಗಿ ನೆಲೆಯೂರುತ್ತದೆ. ನಿಯಮ ಗೊತ್ತಿರುತ್ತದೆ, ಬರೆಯುವಾಗ ಬರುತ್ತದೆ, ಮಾತಿನಲ್ಲಿ ಜಾರುತ್ತದೆ. ಜಾರಲಿ ಬಿಡಿ. ‘ಸ್’ ಇಲ್ಲದಿದ್ದರೂ ಅಣ್ಣ ಕೆಲಸಕ್ಕೆ ಹೋಗುತ್ತಾನೆ ಅನ್ನುವುದು ಎಲ್ಲರಿಗೂ ತಿಳಿಯುತ್ತೆ.

ಬಾಯಿಪಾಠ ಮಾತ್ರ ಮಾಡಬೇಡಿ. ಅದು ಮಣಿಸರದ ಹಾಗೆ, ಒಂದು ಕಡೆ ದಾರ ಕಿತ್ತರೆ ಅಷ್ಟೂ ಚೆಲ್ಲಾಪಿಲ್ಲಿ. ಅದರ ಬದಲು ಒಂದು ಚೀಟಿಯಲ್ಲಿ ನಾಲ್ಕೇ ಪದ ಬರೆದುಕೊಳ್ಳಿ. ಅಣ್ಣನ ಕೆಲಸ, ಅವನ ಸಿಟ್ಟು, ಅವನು ಕೊಡಿಸಿದ ಸೈಕಲ್, ಹೀಗೆ. ಆಮೇಲೆ ಇದನ್ನು ಮಾಡಿ. ಒಬ್ಬ ಗೆಳತಿಗೆ 4 ನಿಮಿಷ ಅಣ್ಣನ ಬಗ್ಗೆ ಹೇಳಿ. ಅದೇ ವಿಷಯವನ್ನು ಇನ್ನೊಬ್ಬಳಿಗೆ 3 ನಿಮಿಷದಲ್ಲಿ. ಮತ್ತೊಬ್ಬಳಿಗೆ 2 ನಿಮಿಷದಲ್ಲಿ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಈ ವಿಧಾನದ ಬಗ್ಗೆ 1989ರಲ್ಲೇ ಬರೆದಿದ್ದಾರೆ. ನನ್ನ ಕ್ಲಾಸಿನಲ್ಲಿ ನೂರಾರು ಸಲ ಮಾಡಿಸಿದ್ದೇನೆ. ಮೊದಲ ಸಲ ತಡವರಿಸಿ, ಮೇಲೆ ಕೆಳಗೆ ನೋಡಿ, ಹೇಗೋ ಮುಗಿಸುತ್ತಾರೆ. ಮೂರನೇ ಸಲ ದನಿಯೇ ಬೇರೆ. ಕೈ ಆಡಿಸಲು ಶುರು ಮಾಡುತ್ತಾರೆ, ಕೇಳುವವಳ ಮುಖ ನೋಡುತ್ತಾರೆ. ಭಯ ಹೋಗಿರುತ್ತದೆ ಅಂತಲ್ಲ. ಪದ ಹುಡುಕುವ ಕೆಲಸ ಮುಗಿದಿರುವುದರಿಂದ ತಲೆಯಲ್ಲಿ ಒಂದಿಷ್ಟು ಜಾಗ ಸಿಕ್ಕಿರುತ್ತದೆ. ಗೆಳತಿಯರು ಸಿಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಕನ್ನಡಿ ಮುಂದೆ ಮಾತ್ರ ಬೇಡ. ಅಲ್ಲಿ ಮತ್ತೆ ನಿಮ್ಮ ಮುಖವನ್ನೇ ನೋಡುತ್ತಾ ಕೂರುತ್ತೀರಿ.

ಇನ್ನೊಂದು. ನಾಳೆ ಮನೆಯಲ್ಲಿ ಯಾರಾದರೂ ಮಾತಾಡುವಾಗ ಸುಮ್ನೆ ಕಿವಿಗೊಡಿ. ‘ಅಂದ್ರೆ’, ‘ಅದೇನಪ್ಪಾ ಅಂದ್ರೆ’, ‘ಅದೂ…’ ಎಷ್ಟು ಸಲ ಬರುತ್ತದೆ ಎಣಿಸಿ. ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆಯಲ್ಲೇ ನಮಗೆ ಇಷ್ಟು ಸಾವರಿಸಿಕೊಳ್ಳಬೇಕು. ಇಂಗ್ಲಿಷಿನಲ್ಲೂ ಅಂಥ ಮಾತುಗಳಿವೆ: ‘ಲೆಟ್ ಮಿ ಥಿಂಕ್’, ‘ಹೌ ಶಲ್ ಐ ಪುಟ್ ಇಟ್’. ಬಾಯಿಪಾಠ ಮಾಡಲೇಬೇಕು ಅಂದರೆ ಇವನ್ನು ಮಾಡಿ. ನಿಂತುಹೋದಾಗ ‘ಲೆಟ್ ಮಿ ಥಿಂಕ್’ ಅಂದರೆ ಯೋಚಿಸುತ್ತಿದ್ದೀರಿ ಅನ್ನಿಸುತ್ತದೆ, ಮರೆತಿದ್ದೀರಿ ಅಂತಲ್ಲ.

ಕನ್ನಡದಲ್ಲಿ ಮಾತಾಡುವಾಗಲೂ, ಯಾರ ಮುಂದಾದರೂ ಹೀಗೇ ಗಂಟಲು ಕಟ್ಟುತ್ತದೆ ಅನ್ನುವುದಾದರೆ ಅದು ಭಾಷೆಯ ವಿಷಯ ಅಲ್ಲ. ಆಗ ಒಬ್ಬ ಆಪ್ತಸಮಾಲೋಚಕರನ್ನು ನೋಡಿ.

ಪ್ರಶ್ನೆ: ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪ್ರಶ್ನೆ ಕೇಳಿದರೆ ಇಡೀ ಕ್ಲಾಸು ಗಪ್‌ಚುಪ್. ತಪ್ಪು ಮಾತಾಡಿದ ಕೂಡಲೇ ತಿದ್ದದಿದ್ದರೆ ಅದೇ ಗಟ್ಟಿಯಾಗುತ್ತದೆ ಅನ್ನುತ್ತಾರೆ ಸಹೋದ್ಯೋಗಿಗಳು. ತಿದ್ದಿದರೆ ಮಕ್ಕಳು ಮತ್ತೆ ಬಾಯಿ ಬಿಡುವುದಿಲ್ಲ. ಏನು ಮಾಡಲಿ?
— ಒಬ್ಬ ಶಿಕ್ಷಕಿ

ಉತ್ತರ: ಟೀಚರ್, ಮೊದಲು ಗಪ್‌ಚುಪ್ ವಿಷಯ. ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಕಾಯುತ್ತೀರಿ? 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ವಿಜ್ಞಾನದ ತರಗತಿಗಳಲ್ಲಿ ಇದನ್ನು ಅಳೆದರು. ಶಿಕ್ಷಕರು ಕಾಯುತ್ತಿದ್ದದ್ದು ಹೆಚ್ಚೂಕಡಿಮೆ 1 ಸೆಕೆಂಡು! ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಮಾತಾಡಿದರು. ವಿಜ್ಞಾನದ ತರಗತಿಯಲ್ಲೇ ಹೀಗಾದರೆ, ಉತ್ತರದ ಜೊತೆಗೆ ಭಾಷೆಯನ್ನೂ ಹುಡುಕಬೇಕಾದ ಮಗುವಿಗೆ ಇನ್ನೂ ಜಾಸ್ತಿ ಹೊತ್ತು ಬೇಕು. ನಾನು ಮನಸ್ಸಿನಲ್ಲೇ ಐದು ಎಣಿಸುತ್ತಿದ್ದೆ. ಮೊದಲ ವಾರ ಆ ಐದು ಎಣಿಕೆ ಕಲಿಯುವವರಿಗಿಂತ ನನಗೇ ಹಿಂಸೆಯಾಗಿತ್ತು.

ಸಾಲಾಗಿ ಎಬ್ಬಿಸಿ ಕೇಳುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಮೇಲಿನ ಪತ್ರ ಓದಿದಿರಲ್ಲ. ಆ ಹುಡುಗಿ ತನಗಿಂತ ಮುಂಚಿನ ಐದು ಜನರ ಒಂದು ಮಾತನ್ನೂ ಕೇಳಿಸಿಕೊಂಡಿರುವುದಿಲ್ಲ. ಹಾಗಂತ ಯಾರನ್ನೋ ದಿಢೀರ್ ಎಬ್ಬಿಸುವುದು ಇನ್ನೂ ಕೆಟ್ಟದ್ದು. ಮೊದಲು ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿಕೊಳ್ಳಲಿ. ಆಮೇಲೆ ‘ನಿನ್ನ ಪಕ್ಕದವನು ಏನಂದ’ ಅಂತ ಕೇಳಿ. ತಪ್ಪಾದರೆ ಅರ್ಧ ಅವನದು! ಮಕ್ಕಳಿಗೆ ಈ ಲೆಕ್ಕಾಚಾರ ಬಹಳ ಇಷ್ಟ.

ತಿದ್ದುವ ವಿಷಯದಲ್ಲಿ ನಿಮ್ಮ ಸಹೋದ್ಯೋಗಿಗಳ ಮಾತು ಪೂರ್ತಿ ಸುಳ್ಳಲ್ಲ. ಮಗು ‘ಯೆಸ್ಟರ್‌ಡೇ ಐ ಗೋ’ ಅಂದಾಗ ನಾವು ‘ಓ, ಯು ವೆಂಟ್! ವಿತ್ ಹೂಮ್?’ ಅಂತ ಸರಿಯಾದದ್ದನ್ನು ಮಾತಿನಲ್ಲೇ ಸೇರಿಸಿ ಕೊಡುತ್ತೇವೆ. ಮರ್ಯಾದೆ ಉಳಿಯುತ್ತದೆ, ಮಾತೂ ನಿಲ್ಲುವುದಿಲ್ಲ. ಆದರೆ ಕೆನಡಾದ ಫ್ರೆಂಚ್ ತರಗತಿಗಳ ಬಗ್ಗೆ 1997ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶಿಕ್ಷಕರು ತಿದ್ದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಬಗೆಯದು, ಮಕ್ಕಳು ಅದನ್ನು ಹಿಡಿದುಕೊಂಡದ್ದು ಮಾತ್ರ ಕಡಿಮೆ. ತಿದ್ದಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಎರಡನ್ನೂ ಇಟ್ಟುಕೊಂಡಿದ್ದೆ. ಮಾತಾಡುವಾಗ ಹೀಗೆ ಮೆತ್ತಗೆ ತಿದ್ದುವುದು. ಜೊತೆಗೆ ಕೇಳಿದ ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು, ಕೊನೆಯ ಐದು ನಿಮಿಷ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಬರೆಯುವುದು. ತಿದ್ದುವ ಕೆಲಸ ಕಲಿಯುವವರದೇ. ಪ್ರತಿ ವರ್ಷ ಮೊದಲ ದಿನ ಬೋರ್ಡಿನ ಮೇಲೆ ಮೊದಲು ಬರುತ್ತಿದ್ದ ವಾಕ್ಯ ನನ್ನದೇ, ‘ಇಷ್ ಬಿನ್ ಹೈಸ್’. ನನ್ನ ಕ್ಲಾಸಿಗೆ ಬರುತ್ತಿದ್ದವರು ದೊಡ್ಡವರು, ಹಾಗಾಗಿ ನಡೆಯಿತು. ಮಕ್ಕಳಿಗೆ ನಿಮ್ಮದು ಬೇರೆ ಯಾವುದಾದರೂ ಇರುತ್ತದೆ, ಹುಡುಕಿ.

ಪ್ರಶ್ನೆ: ವಯಸ್ಸು 54. ಆಸೆಗೆ ಫ್ರೆಂಚ್ ಕಲಿಯುತ್ತಿದ್ದೇನೆ. ಗುರುತಿಲ್ಲದ ಫ್ರೆಂಚರ ಜೊತೆ ಹರುಕುಮುರುಕಾಗಿ ಸಲೀಸಾಗಿ ಮಾತಾಡುತ್ತೇನೆ. ನಮ್ಮ ಕ್ಲಾಸಿನವರೇ ಒಬ್ಬರು ಪಕ್ಕದಲ್ಲಿ ನಿಂತರೆ ನಾಲಿಗೆ ಏಳುವುದಿಲ್ಲ. ಉಲ್ಟಾ ಅಲ್ಲವೇ ಇದು?
— ಹವ್ಯಾಸಿ

ಉತ್ತರ: ಉಲ್ಟಾ ಏನಿಲ್ಲ, ನನಗೂ ಹಾಗೇ ಆಗುತ್ತಿತ್ತು. ಫ್ರೆಂಚರಿಗೆ ಬೇಕಾದದ್ದು ನೀವು ಹೇಳುವ ವಿಷಯ. ಕ್ಲಾಸಿನವರು ನಿಮ್ಮ ಕ್ರಿಯಾಪದಕ್ಕೆ ಅಂಕ ಹಾಕುತ್ತಿದ್ದಾರೆ ಅಂತ ನಿಮಗೆ ಅನುಮಾನ. ಜೊತೆಗೆ ಅವರಿಗೆ ಕನ್ನಡದಲ್ಲಿ ನೀವು ಎಷ್ಟು ಚುರುಕು ಅಂತ ಗೊತ್ತು. ಆ ಚುರುಕಿನ ಮನುಷ್ಯ ಇಲ್ಲಿ ತೊದಲುವುದನ್ನು ಅವರು ನೋಡುವುದೇ ಕಷ್ಟ. ಗುರುತಿಲ್ಲದವರ ಮುಂದೆ ಆ ಪಾತ್ರ ಕಾಪಾಡಿಕೊಳ್ಳಬೇಕಿಲ್ಲ.

1972ರಲ್ಲಿ ಪ್ರಕಟವಾದ ಒಂದು ತಮಾಷೆಯ ಪ್ರಯೋಗವಿದೆ. ಒಂದಿಷ್ಟೇ ಇಷ್ಟು ಮದ್ಯ ಕುಡಿಸಿ ಬೇರೆ ಭಾಷೆಯ ಉಚ್ಚಾರಣೆ ಮಾಡಿಸಿದರು. ಅಳತೆಯಲ್ಲಿದ್ದಾಗ ಉಚ್ಚಾರಣೆ ಸುಧಾರಿಸಿತು, ಜಾಸ್ತಿಯಾದಾಗ ಕೆಟ್ಟಿತು. ‘ನಾನು’ ಅನ್ನುವ ಬಿಗಿ ಸಡಿಲವಾದದ್ದರಿಂದ ಹೀಗಾಯಿತು ಅಂದರು. ಇದು ಸಲಹೆ ಅಲ್ಲ ಮಾರಾಯರೇ, ಸಂಪಾದಕರು ನನ್ನ ಅಂಕಣವನ್ನೇ ನಿಲ್ಲಿಸಿಯಾರು.

ಪಕ್ಕದಲ್ಲಿ ನಿಲ್ಲುವ ಆ ಸಹಪಾಠಿಯನ್ನು ಒಮ್ಮೆ ಕೇಳಿ ನೋಡಿ, ‘ನಾನು ಪಕ್ಕದಲ್ಲಿದ್ದರೆ ನಿಮಗೆ ಫ್ರೆಂಚ್ ಆಡಲು ಮುಜುಗರವಾಗುತ್ತಾ’ ಅಂತ. ಏನಂದರು ಅಂತ ನನಗೂ ಬರೆಯಿರಿ.