ಆ ಹೆಜ್ಜೆ ಸದ್ದು ಅವರಿಬ್ಬರಿಗೇ ಯಾಕೆ ಅರ್ಥವಾಯಿತು?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಮೂರು ಪುಟದ ಪತ್ರವನ್ನು ಎರಡು ಸಲ ಓದಿದೆ. ಕಳೆದ ತಿಂಗಳು ನಾವು ಹಾಕಿದ ದೆವ್ವದ ಕಥೆ ಅರ್ಧದವರೆಗೆ ತುಂಬಾ ಹಿಡಿಸಿತು, ಆಮೇಲೆ ಬೇಜಾರಾಯಿತು ಅಂತ ಬರೆದಿದ್ದೀರಿ. ದೆವ್ವ ಇದೆಯೋ ಇಲ್ಲವೋ ನೋಡಲು ಬಂದ ಇಬ್ಬರು ಗಂಡಸರ ನಡುವೆ ಪ್ರೀತಿ ಯಾಕೆ ಬೇಕಿತ್ತು, ಅವರಲ್ಲಿ ಒಬ್ಬರನ್ನು ಹುಡುಗಿ ಮಾಡಿದ್ದರೆ ಏನು ಕಮ್ಮಿಯಾಗುತ್ತಿತ್ತು ಅಂತ ಕೇಳಿದ್ದೀರಿ. ಇಂಥ ಕಥೆ ಮೂಢನಂಬಿಕೆ ಬೆಳೆಸುವುದಿಲ್ಲವೇ ಅನ್ನೋದು ಇನ್ನೊಂದು ಪ್ರಶ್ನೆ. ಕೊನೆಗೆ ಕಾಫಿ ಹೂವಿನ ತಕರಾರು. ಮೊಮ್ಮಗಳ ಕೈಗೆ ಸಿಗದಿರಲಿ ಅಂತ ಪತ್ರಿಕೆಯನ್ನು ಬೀರುವಿನ ಮೇಲಿಟ್ಟಿದ್ದನ್ನೂ ಮುಚ್ಚಿಡದೆ ಹೇಳಿದ್ದೀರಿ.

ಕಥೆ ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮಲೆನಾಡಿನ ಒಂದು ಹಳೇ ಎಸ್ಟೇಟ್ ಬಂಗಲೆ. ರಾತ್ರಿ ಎರಡು ಗಂಟೆ ಮೇಲೆ ವೆರಾಂಡದಿಂದ ಗೇಟಿನ ತನಕ ಯಾರೋ ನಡೆದು ಹೋಗಿ ವಾಪಸ್ ಬರುವ ಸದ್ದು. ಅಲ್ಲಿ ರೈಟರ್, ಅಂದರೆ ಎಸ್ಟೇಟಿನ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವನು ಸತ್ತು ನಲವತ್ತು ವರ್ಷವಾಗಿದೆ. ಹೂತಿಟ್ಟ ದುಡ್ಡಿಗಾಗಿ ಅಲೆಯುತ್ತಾನೆ ಅಂತ ಊರವರ ಮಾತು. ಬೆಂಗಳೂರಿನಿಂದ ಇಬ್ಬರು ಬರುತ್ತಾರೆ. ಒಬ್ಬ ಮೀಟರ್ ಹಿಡಿಯುವವನು, ಇನ್ನೊಬ್ಬ ಕ್ಯಾಮೆರಾ ಹಿಡಿಯುವವನು. ಮೂರನೇ ದಿನ ಅವರ ಕೈಗೆ ಗೇಟಿನ ಹಳೇ ರಿಜಿಸ್ಟರ್ ಸಿಗುತ್ತದೆ. ಬಂದು ಹೋದ ಲಾರಿಗಳ ಲೆಕ್ಕ, ರೈಟರ ಕೈಬರಹ. ಎಲ್ಲ ಲಾರಿಗೂ ಬರೀ ತಾರೀಖು. ಒಂದೇ ಒಂದು ಲಾರಿಗೆ ಮಾತ್ರ ಪ್ರತಿ ಸಲವೂ ಗಂಟೆ, ನಿಮಿಷ.

ಆ ರಿಜಿಸ್ಟರನ್ನು ಎಸ್ಟೇಟಿನಲ್ಲಿ ಎಷ್ಟೋ ಜನ ನೋಡಿದ್ದರು. ಕ್ಯಾಮೆರಾದವನು ಮಾತ್ರ ಅಲ್ಲಿ ನಿಂತ. ಯಾಕೆಂದರೆ ತನ್ನ ನೋಟ್‌ಬುಕ್ಕಿನಲ್ಲಿ ಅವನು ಮಾಡುತ್ತಿದ್ದದ್ದೂ ಅದನ್ನೇ. ಮೀಟರಿನವನು ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಹೊರಟ ಅಂತ ನಿಮಿಷದ ಲೆಕ್ಕ ಇಡುತ್ತಿದ್ದ. ರೈಟರ್ ಕಾಯುತ್ತಿದ್ದದ್ದು ದುಡ್ಡಿಗಲ್ಲ, ಆ ಲಾರಿಯ ಡ್ರೈವರಿಗೆ ಅಂತ ಅವನಿಗೆ ಹೊಳೆಯುವುದು ಹೀಗೆ. ಅದೇ ರಾತ್ರಿ ಇಬ್ಬರೂ ಒಂದೇ ಫ್ಲಾಸ್ಕ್ ಮುಚ್ಚಳದಲ್ಲಿ ಚಹಾ ಕುಡಿಯುತ್ತಾರೆ. ಮುಚ್ಚಳ ಕೈ ಬದಲಾಗುವಾಗ ಕೈ ಅಲ್ಲೇ ಉಳಿಯುತ್ತದೆ. ಹೊರಗೆ ಹೆಜ್ಜೆ ಸದ್ದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತದೆ.

ಮೇಷ್ಟ್ರೇ, ನಿಮ್ಮ ಸಲಹೆಯನ್ನು ನಾನು ಮೊದಲೇ ಮಾಡಿ ನೋಡಿದ್ದೆ. ಕಥೆ ಕೈಗೆ ಬಂದಾಗ ನನಗೂ ಅಳುಕಾಯಿತು. ಲೇಖಕರಿಗೆ ಫೋನ್ ಮಾಡಿ, ಕ್ಯಾಮೆರಾದವನನ್ನು ಹುಡುಗಿ ಮಾಡಿಕೊಡಿ ಅಂದೆ. ಅವರು ವಾದ ಮಾಡಲಿಲ್ಲ, ಹದಿನೈದು ದಿನದಲ್ಲಿ ಬರೆದು ಕಳಿಸಿದರು. ಭಾಷೆ ಅಷ್ಟೇ ಚೆನ್ನಾಗಿತ್ತು. ಆದರೆ ರಿಜಿಸ್ಟರ್ ಸಿಕ್ಕ ಜಾಗಕ್ಕೆ ಬಂದಾಗ ಕಥೆ ನಿಂತೇಹೋಯಿತು. ಆ ಹುಡುಗ ಹುಡುಗಿ ಪುಟ ತಿರುವಿ ಮುಂದೆ ಹೋಗಿಬಿಟ್ಟರು. ಅವರ ಪ್ರೀತಿಯನ್ನು ಲೆಕ್ಕದ ಪುಸ್ತಕದಲ್ಲಿ ಬಚ್ಚಿಡುವ ಅಗತ್ಯ ಅವರಿಗೆ ಬಂದಿರಲಿಲ್ಲವಲ್ಲ. ರೈಟರ್ ಯಾಕೆ ನಡೆಯುತ್ತಾನೆ ಅಂತ ಹೇಳೋಕೆ ಒಬ್ಬ ಮುದುಕನನ್ನು ತಂದು ಒಂದೂವರೆ ಪುಟ ಮಾತಾಡಿಸಬೇಕಾಯಿತು. ದೆವ್ವ ಬರೀ ಸದ್ದಾಗಿ ಉಳಿಯಿತು. ಮಾರನೇ ದಿನವೇ ಮೊದಲಿನ ಪ್ರತಿಯನ್ನು ಅಚ್ಚಿಗೆ ಕಳಿಸಿದೆ.

ಲಾಡ್ಜ್ ದೃಶ್ಯವನ್ನೂ ನೆನಪಿಸಿಕೊಳ್ಳಿ. ಹುಡುಗ ಹುಡುಗಿ ಹೋಗಿ ಒಂದು ರೂಮು ಕೇಳಿದರೆ ಕೌಂಟರಿನಲ್ಲಿ ನೂರು ಪ್ರಶ್ನೆ. ಇಬ್ಬರು ಗಂಡಸರಿಗೆ ಸುಮ್ನೆ ಒಂದು ಕೀ ಕೊಟ್ಟು ಕಳಿಸುತ್ತಾರೆ. ದೆವ್ವ ಹುಡುಕುವ ಕೆಲಸ ಅಂದರೆ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿ, ದೀಪ ಆರಿಸಿ, ಮಾತಿಲ್ಲದೆ ಕೂರುವುದು. ಆ ಇಬ್ಬರಿಗೆ ಜೊತೆಗಿರಲು ಯಾರೂ ಅನುಮಾನಪಡದ ಜಾಗ ಅದೊಂದೇ. ಹಾಗಾಗಿ ಈ ಕೆಲಸಕ್ಕೂ ಅವರ ಪ್ರೀತಿಗೂ ನಂಟಿದೆ. ಲೇಖಕರು ಅದನ್ನು ಮೇಲಿಂದ ತಂದು ಅಂಟಿಸಿಲ್ಲ.

ಇದೆಲ್ಲ ಹೊರದೇಶದ ಗಾಳಿ ಅಂತ ಒಂದು ಸಾಲು ಬರೆದಿದ್ದೀರಿ. ಹೊರಗಿನಿಂದ ಬಂದದ್ದು ಕಾನೂನು. ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯಲ್ಲಿ ಇಂಥ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮು ರೈಟರ್ ಬದುಕಿದ್ದಷ್ಟು ದಿನವೂ ಅವನ ತಲೆ ಮೇಲಿತ್ತು. 2009ರಲ್ಲಿ ದೆಹಲಿ ಹೈಕೋರ್ಟು ಅದನ್ನು ಸಡಿಲಿಸಿತು, 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಅಂತ ಅದೇ ಸುಪ್ರೀಂ ಕೋರ್ಟು ಕೊನೆಗೂ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಕಥೆಯ ಮೀಟರಿನವನು 2013ರಲ್ಲಿ ಕಾಲೇಜು ಹುಡುಗ. ಅವನು ಅಷ್ಟು ಕಮ್ಮಿ ಮಾತಾಡುವುದು ಯಾಕೆ ಅಂತ ಕೇಳಿದ್ದಿರಲ್ಲ, ಈ ತಾರೀಖುಗಳನ್ನು ಅವನ ವಯಸ್ಸಿನ ಪಕ್ಕ ಇಟ್ಟು ನೋಡಿ.

ಇನ್ನು ಮೂಢನಂಬಿಕೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ನಾಡು ನಮ್ಮದು. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಈ ಇಬ್ಬರೂ ಮೊದಲ ಎರಡು ರಾತ್ರಿ ಮಾಡುವುದೆಲ್ಲ ಪರೀಕ್ಷೆಯೇ. ಜನರೇಟರ್ ನಿಲ್ಲಿಸುತ್ತಾರೆ, ಹಂಚಿನ ಮೇಲೆ ಓಡುವ ಕಾಡುಬೆಕ್ಕು ಹುಡುಕುತ್ತಾರೆ, ಗೋಡೌನಿನ ಫ್ಯಾನ್ ಬಂದ್ ಮಾಡಿಸುತ್ತಾರೆ. ಫ್ಯಾನಿನ ವಿಷಯ ಲೇಖಕರ ಕಲ್ಪನೆಯಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಅನ್ನೋ ಎಂಜಿನಿಯರ್ ಲ್ಯಾಬಿನಲ್ಲಿ ಒಂದು ರಾತ್ರಿ ಒಬ್ಬರೇ ಕೂತಿದ್ದಾಗ ಮೈ ತಣ್ಣಗಾಗಿ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಕಂಡಿತಂತೆ. ಮರುದಿನ ಕತ್ತಿವರಸೆ ಪಂದ್ಯದ ಕತ್ತಿ ರಿಪೇರಿಗೆ ಅಂತ ಬಿಗಿಯಾಗಿ ಹಿಡಿಯುವ ವೈಸ್‌ಗೆ ಸಿಕ್ಕಿಸಿದರೆ, ಯಾರೂ ಮುಟ್ಟದೆಯೇ ಅದರ ಅಲಗು ಅದುರತೊಡಗಿತು. ಹುಡುಕಿದರೆ ಕಾರಣ ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನ್. ಕಿವಿಗೆ ಕೇಳಿಸದ, ಸುಮಾರು 19 ಹರ್ಟ್ಸ್ (ಸೆಕೆಂಡಿಗೆ 19 ಸಲ) ಕಂಪನ ಕೋಣೆಯಲ್ಲಿ ತುಂಬಿಕೊಂಡಿತ್ತು. ಅವರು ಇದನ್ನು 1998ರಲ್ಲಿ ಬರೆದು ಪ್ರಕಟಿಸಿದರು. ನಮ್ಮ ಕಥೆಯಲ್ಲೂ ಬಂಗಲೆಯ ಅರ್ಧ ಭಯ ಫ್ಯಾನ್ ನಿಂತ ಮೇಲೆ ಹೋಗುತ್ತದೆ. ಹೆಜ್ಜೆ ಸದ್ದು ಮಾತ್ರ ಉಳಿಯುತ್ತದೆ. ಅಷ್ಟಾದರೂ ಉಳಿಯದಿದ್ದರೆ ಅದು ದೆವ್ವದ ಕಥೆ ಹೇಗಾದೀತು, ಅಲ್ವಾ?

ಮೊಮ್ಮಗಳ ಬಗ್ಗೆ: ಅವಳ ವಯಸ್ಸು ನೀವು ಬರೆದಿಲ್ಲ. ಹೈಸ್ಕೂಲ್ ದಾಟಿದ್ದರೆ ಪತ್ರಿಕೆ ಕೆಳಗಿಳಿಸಿ ಕೊಡಿ ಅಂತ ನನ್ನ ಮನವಿ. ಆ ಕಥೆಯಲ್ಲಿ ಇರುವುದು ಒಂದು ಮುಚ್ಚಳ ಚಹಾ ಮತ್ತು ಬಿಡಿಸಿಕೊಳ್ಳದ ಕೈ, ಅಷ್ಟೇ.

ಕಾಫಿ ಹೂವಿನ ವಿಷಯದಲ್ಲಿ ತಪ್ಪು ನಮ್ಮದೇ. ಡಿಸೆಂಬರ್ ರಾತ್ರಿಯಲ್ಲಿ ಬಂಗಲೆ ಸುತ್ತ ಕಾಫಿ ಹೂವಿನ ಘಮ ಅಂತ ಅಚ್ಚಾಗಿದೆ. ನೀವು ಹೇಳಿದ ಹಾಗೆ ಆಗ ಗಿಡದಲ್ಲಿ ಹಣ್ಣು, ಕಣದಲ್ಲಿ ಒಣಗುವ ಕಾಫಿ. ಹೂವು ಬರುವುದು ಹೂಮಳೆ ಬಿದ್ದ ಮೇಲೆ, ಮಾರ್ಚ್ ಏಪ್ರಿಲ್‌ನಲ್ಲಿ. ಲೇಖಕರಿಗೆ ತಿಳಿಸಿದ್ದೇನೆ. ಕಥೆಯನ್ನೇ ಮಾರ್ಚ್‌ಗೆ ತರುತ್ತೇನೆ, ಡ್ರೈವರ್ ಕೊನೇ ಸಲ ಬಂದದ್ದೂ ಹೂವಿನ ಕಾಲದಲ್ಲೇ ಆಗಲಿ ಅಂದರು. ತಿದ್ದಿದ ಪುಟವನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಇಂತಿ,
ಸಂಪಾದಕ